407 ಮುಂದಿನ ಗಾಲಿ ಕುಣಿತೈತಿ: ಕಿಂಗ್ ಪಿನ್ನೋ, ಟೈ ರಾಡೋ, ಸ್ಟೇರಿಂಗ್ ಬಾಕ್ಸೋ?

ಕಾರಟಗಿ_407
ಸೋಮವಾರ, ರಾತ್ರಿ 9:12

ನಮಸ್ಕಾರ್ರಿ ಎಲ್ಲರಿಗೂ. ನಮ್ದು 1999ರ ಟಾಟಾ 407. ಅಪ್ಪ ತಗೊಂಡ ಗಾಡಿ, ಕೆಎ-37 ನಂಬರು. ಹತ್ತು ವರ್ಷದಿಂದ ನಾನ ಹೊಡಿಯಾಕತ್ತೀನಿ. ಸುಗ್ಗಿ ಟೈಮ್‌ನಾಗ ಗದ್ದಿಯಿಂದ ಮಿಲ್ಲಿಗೆ ನೆಲ್ಲು, ಉಳಿದ ಟೈಮ್‌ನಾಗ ಗೊಬ್ಬರ, ಸಿಮೆಂಟು, ಸಿಕ್ಕಿದ ಬಾಡಿಗಿ.

ಈಗ ಮೂರು ತಿಂಗಳಿಂದ ಮುಂದಿನ ಗಾಲಿ ಕುಣಿಯಾಕತ್ತಾವ್ರಿ. ಖಾಲಿ ಇದ್ದಾಗ 40ಕ್ಕ ಬಂತಂದ್ರ ಸ್ಟೇರಿಂಗ್ ಕೈಯಾಗ ಗಡಗಡ ನಡುಗ್ತೈತಿ. 55 ದಾಟಿಸಿದ್ರ ಕಮ್ಮಿ ಆಗ್ತೈತಿ. ಲೋಡ್ ಇದ್ದಾಗ ಅಷ್ಟು ಗೊತ್ತಾಗಂಗಿಲ್ಲ, ಆದ್ರ ಬ್ರೇಕ್ ಹಿಡದ್ರ ಎಡಕ್ಕ ಎಳಿತೈತಿ. ಎಡಗಡೆ ಟೈರಿನ ಒಳಗಿನ ಅಂಚು ಸವದು ದಾರ ಕಾಣಾಕತ್ತೈತಿ, ಹೊರಗಿನ ಅಂಚು ಹೊಸಾದ್ರಂಗ ಐತಿ.

ನಮ್ಮ ಮೇಸ್ತ್ರಿ ಮೊದಲು ಟೈ ರಾಡ್ (ಎರಡೂ ಮುಂದಿನ ಗಾಲಿ ಕೂಡಿಸೋ ಸಳಿ) ಎಂಡ್ ಎರಡೂ ಬದಲಿ ಮಾಡಿದ. ಏನೂ ಫರಕ್ ಬೀಳ್ಲಿಲ್ಲ. ಆಮ್ಯಾಲ ಸ್ಟೇರಿಂಗ್ ಬಾಕ್ಸಿನ ಮ್ಯಾಲಿನ ಸ್ಕ್ರೂ ಟೈಟ್ ಮಾಡಿಕೊಟ್ಟ. ಈಗ ನಡುಕ ಸ್ವಲ್ಪ ಕಮ್ಮಿ ಅನ್ನಿಸ್ತೈತಿ, ಆದ್ರ ತಿರುವಿನಾಗ ತಿರುಗಿಸಿದ ಸ್ಟೇರಿಂಗ್ ತಾನ ವಾಪಸ್ ಬರವಲ್ದು, ನಾನ ಎಳೀಬೇಕು. ಮುಂದಿನ ತಿಂಗಳು ಎಫ್‌ಸಿ (ಗಾಡಿ ಫಿಟ್ನೆಸ್ ಪರೀಕ್ಷೆ) ಐತಿ. ಈಗ ಅವ "ಪೂರಾ ಎಕ್ಸೆಲ್ ಹೋಗೈತಿ, ಗುಜರಿಯಾಗ ಒಂದು ನೋಡೋಣು" ಅನ್ನಾಕತ್ತಾನ. ಏನ್ ಮಾಡ್ಲಿ?


ಎರಿಹೊಲ_ಸಿಂಧನೂರು
ಸೋಮವಾರ, ರಾತ್ರಿ 9:30

ತಮ್ಮಾ, ಮೊದಲು ಆ ಸ್ಕ್ರೂ ಎಲ್ಲಿತ್ತೋ ಅಲ್ಲಿಗೆ ವಾಪಸ್ ತಿರುವ್ಸು. ಉಳಿದಿದ್ದು ಆಮ್ಯಾಲ.


ಕುಷ್ಟಗಿ_ಗ್ಯಾರೇಜು
ಸೋಮವಾರ, ರಾತ್ರಿ 10:05

ಸಿಂಧನೂರು ಅಣ್ಣಾರು ಹೇಳಿದ್ದು ಖರೆ. ಬಾಕ್ಸ್ ಬಿಗಿ ಮಾಡಿದ್ರ ರೋಗ ಮುಚ್ಚಿಟ್ಟಂಗ ಆಗ್ತೈತಿ, ಮ್ಯಾಲ ಬಾಕ್ಸಿನ ಒಳಗಿನ ಹಲ್ಲೂ ತಿಂದು ಹೋಗ್ತಾವ. ತಿರುಗಿಸಿದ್ದು ವಾಪಸ್ ಬರವಲ್ದು ಅಂದ್ರ ಅದು ಬಾಳ ಬಿಗಿ ಆಗೈತಿ ಅಂತ ಲೆಕ್ಕ. ಹಂಗ ಹೆದ್ದಾರಿಗೆ ಹೋಗಬ್ಯಾಡ.

ಈಗ ಒಂದು ಕೆಲಸ ಮಾಡು, ಯಾರಿಗೂ ರೊಕ್ಕ ಕೊಡೂದು ಬ್ಯಾಡ. ಸಪಾಟ ಜಾಗದಾಗ ಗಾಡಿ ನಿಲ್ಲಿಸಿ ಹಿಂದಿನ ಗಾಲಿಗೆ ಕಲ್ಲು ಕೊಡು. ಜಾಕ್ ಎಡಗಡೆ ಎಕ್ಸೆಲ್ ಕೆಳಗ ಹಚ್ಚು, ಗಾಲಿ ನೆಲ ಬಿಡೂವಷ್ಟು ಎತ್ತು. ಎಕ್ಸೆಲ್ ಕೆಳಗ ಕಟ್ಟಿಗಿ ದಿಮ್ಮಿ ಇಡಾಕ ಮರೀಬ್ಯಾಡ. ಜಾಕ್ ನಂಬಿ ಕೆಳಗ ಕೈ ಹಾಕಿದವ್ರನ್ನ ನೋಡೀನಿ.

ಒಂದು ಕೈ ಟೈರಿನ ತುದಿ ಮ್ಯಾಲ, ಒಂದು ಕೈ ಕೆಳಗ ಇಟ್ಟು, ಮ್ಯಾಲ ದಬ್ಬಿ ಕೆಳಗ ಎಳಿ. ಲಟಕ್ ಲಟಕ್ ಅಂದ್ರ ಪ್ಲೇ (ಸಡಲು) ಐತಿ. ಆಗ ಮನಿಯಾಗಿನ ಯಾರಿಗಾದ್ರೂ ಬ್ರೇಕ್ ಒತ್ತಿ ಹಿಡ್ಯಾಕ ಹೇಳು. ಬ್ರೇಕ್ ಹಿಡದಾಗ ಡ್ರಮ್ಮೂ ಸ್ಟಬ್ ಎಕ್ಸೆಲ್ಲೂ (ಗಾಲಿ ಕುಂದರೋ, ಎಡಕ್ಕ ಬಲಕ್ಕ ತಿರುಗೋ ತುಂಡು) ಒಂದಾಗಿ ಕುಂದರ್ತಾವ. ಆ ಲಟಕ್ ನಿಂತ್ರ ಬೇರಿಂಗ್ ಸಡಲ ಆಗೈತಿ ಅಂತ, ಅದು ಅರ್ಧ ತಾಸಿನ ಕೆಲಸ. ಬ್ರೇಕ್ ಹಿಡದ್ರೂ ಲಟಕ್ ಅಂತಿದ್ರ ಕಿಂಗ್ ಪಿನ್ನು (ಸ್ಟಬ್ಬನ್ನ ಎಕ್ಸೆಲ್ಲಿಗೆ ಹಿಡಿಯೋ ನಿಂತ ಪಿನ್ನು), ಅದರ ಸುತ್ತಿನ ಬುಷ್ಷು ಹೋಗ್ಯಾವ.

ಆಮ್ಯಾಲ ಕೈ ಎಡಕ್ಕ ಬಲಕ್ಕ ಇಟ್ಟು ಅಲ್ಲಾಡಿಸು. ಅಲ್ಲಿ ಬರೋ ಪ್ಲೇ ಟೈ ರಾಡು, ಡ್ರ್ಯಾಗ್ ಲಿಂಕು (ಬಾಕ್ಸಿನಿಂದ ಗಾಲಿ ಕಡೆ ಹೋಗೋ ಸಳಿ), ಬಾಕ್ಸು ಎಲ್ಲಾದರದ್ದೂ ಕೂಡಿ ಬರ್ತೈತಿ. ಅದಕ್ಕ ಒಬ್ಬರು ಅಲ್ಲಾಡಿಸಬೇಕು, ಒಬ್ಬರು ಕೆಳಗ ಮಲಗಿ ಒಂದೊಂದು ಕೀಲಿನ ಮ್ಯಾಲ ಬೊಟ್ಟು ಇಟ್ಟು ನೋಡಬೇಕು. ಕಣ್ಣಿಗಿಂತ ಬೊಟ್ಟಿಗೆ ಲಗೂನ ಗೊತ್ತಾಗ್ತೈತಿ.

ಟೈರಿನ ಒಳ ಅಂಚು ಸವದದ್ದು, ಬ್ರೇಕ್ ಹಿಡದಾಗ ಎಳಿಯೂದು, ಎರಡೂ ಕೇಳಿದ್ರ ನನಗ ಎಡಗಡೆ ಕಿಂಗ್ ಪಿನ್ ಮ್ಯಾಲನ ಸಂಶಯ. ಆದ್ರೂ ಎರಡೂ ಕಡೆ ನೋಡು.


ಹಳೇಡ್ರೈವರ್_ಬಳ್ಳಾರಿ
ಮಂಗಳವಾರ, ಬೆಳಿಗ್ಗೆ 6:20

ನೋಡಪ್ಪಾ, ನಾನು ಸಂಡೂರು ಕಡೆ ಅದಿರು ಲಾರಿ ಹೊಡೆದವನು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸೋ ತನಕ ಅದೇ ಕೆಲಸ. ಆ ಕೆಂಪು ಧೂಳು ಎಂಥದ್ದು ಅಂದ್ರೆ, ಅಕ್ಕಸಾಲಿಗರು ಬಂಗಾರಕ್ಕೆ ಮೆರುಗು ಕೊಡೋಕೆ ಬಳಸೋ ಕೆಂಪು ಪುಡೀನೂ ಅದೇ ಕಬ್ಬಿಣದ ಆಕ್ಸೈಡೇ. ಅದು ಗ್ರೀಸಿನ ಜೊತೆ ಕಲೆತು ಪಿನ್ನಿಗೆ ಬುಷ್ಷಿಗೆ ನಡುವೆ ಹೋದ್ರೆ ಹಗಲೂ ರಾತ್ರಿ ಮೆರುಗು ಕೊಡ್ತಾನೇ ಇರ್ತದೆ. ವರ್ಷ ತುಂಬೋದ್ರಲ್ಲಿ ಹೊಸ ಪಿನ್ನು ಬುಷ್ಷಿನ ಕಿಟ್ ಬೇಕಾಗ್ತಿತ್ತು.

ನಮ್ಮ ಲಾರಿಗೆ ಗ್ರೀಸ್ ಹೊಡೆಯೋಕೆ ಒಬ್ಬ ಹುಡುಗ ಇದ್ದ. ಬಾಳ ಚುರುಕು. ಲಾರಿ ನಿಂತಲ್ಲೇ ಎಲ್ಲ ನಿಪ್ಪಲ್ಲಿಗೂ (ಗ್ರೀಸ್ ಹೋಗೋ ಬಾಯಿ) ನಾಲ್ಕು ನಾಲ್ಕು ಹೊಡೆತ ಹೊಡೆದು ಬರ್ತಿದ್ದ. ಆದ್ರೂ ಕಿಂಗ್ ಪಿನ್ ಉಳೀತಿರಲಿಲ್ಲ. ಒಂದಿನ ತೋರಣಗಲ್ಲಿನ ಹತ್ರ ಒಬ್ಬ ಮುದುಕ ಮೇಸ್ತ್ರಿ ನೋಡಿ ಬೈದ. "ಲಾರಿ ಭಾರ ಎಲ್ಲ ಆ ಥ್ರಸ್ಟ್ ಬೇರಿಂಗ್ ಮೇಲೆ ಕೂತೈತೆ. ಅದು ಒತ್ಕೊಂಡಿರೋವಾಗ ಗ್ರೀಸ್ ಎಲ್ಲಿಂದ ಹೋಗ್ಬೇಕು? ಎಲ್ಲಿ ಸಡಿಲ ಐತೋ ಅಲ್ಲಿಂದ ಹೊರಗೆ ಬರ್ತದೆ ಅಷ್ಟೇ" ಅಂದ. ಎಕ್ಸೆಲ್ ಕೆಳಗೆ ಜಾಕ್ ಕೊಟ್ಟು, ಗಾಲಿ ನೇತಾಡಿಸಿ, ಎಡಕ್ಕೆ ಬಲಕ್ಕೆ ತಿರುಗಿಸ್ತಾ ಗ್ರೀಸ್ ಹೊಡೆದು ತೋರಿಸಿದ. ಮೊದಲು ಕರಿ ಗ್ರೀಸು, ಆಮೇಲೆ ಕೆಂಪು ನೀರು, ಆಮೇಲೆ ಹೊಸ ಗ್ರೀಸು, ಸುತ್ತ ಉಂಗುರದಂಗೆ ಬಂತು. ಆವತ್ತಿಂದ ನಮ್ಮ ಕಿಟ್ಟು ಎರಡು ವರ್ಷದ ಮೇಲೇನೇ ಬಾಳ್ತು.

ನಿನ್ನ ಗಾಡಿ ಗದ್ದೆ ಬದುವಿನ ಮೇಲೆ ಓಡೋದು. ಕೆಸರಿನ ನೀರು ಒಳಗೆ ಕೂತ್ರೆ ಧೂಳಿಗಿಂತ ಕೆಟ್ಟದ್ದು. ನೀನು ಗ್ರೀಸ್ ಹೆಂಗೆ ಹೊಡೀತೀಯ, ಅದು ಹೇಳು ಮೊದಲು.


ಕಾರಟಗಿ_407
ಮಂಗಳವಾರ, ರಾತ್ರಿ 8:47

ಸ್ಕ್ರೂ ವಾಪಸ್ ತಿರುವ್ಸೀನ್ರಿ. ನಡುಕ ಮೊದಲಿನಂಗ ಬಂತು, ಆದ್ರ ಸ್ಟೇರಿಂಗ್ ಹಗುರಾತು.

ಜಾಕ್ ಹಚ್ಚಿ ನೋಡಿದ್ವಿ. ಬಲಗಡೆ ಸ್ವಲ್ಪ ಲಟಕ್ ಅಂತು, ತಂಗಿ ಬ್ರೇಕ್ ಒತ್ತಿದ್ಲು, ನಿಂತು ಹೋತು. ಎಡಗಡೆ ಬ್ರೇಕ್ ಒತ್ತಿದ್ರೂ ಟೈರಿನ ತುದಿ ಒಂದು ಬೊಟ್ಟಿನಷ್ಟು ಹೋಗಿ ಬರ್ತೈತಿ. ಕೆಳಗ ಮಲಗಿ ನೋಡಿದ್ರ ಸ್ಟಬ್ಬಿನ ಕೆಳಗಿನ ಕಿವಿ ಪಿನ್ನಿನ ಮ್ಯಾಲ ಅಲ್ಲಾಡೂದು ಕಣ್ಣಿಗೇ ಕಾಣ್ತೈತಿ. ಗಾಲಿ ಎತ್ತಿ ಇಳಿಸಿದ್ರೂ ಮ್ಯಾಲ ಕೆಳಗ ಟಕ್ ಅಂತೈತಿ.

ಬಳ್ಳಾರಿ ಕಾಕಾರಿಗೆ: ಗ್ರೀಸು ನಿಂತಲ್ಲೇ ಹೊಡಿತಿದ್ವಿ. ಎಡಗಡೆ ಕೆಳಗಿನ ನಿಪ್ಪಲ್ಲಿಗೆ ಗನ್ ಹಚ್ಚಿದ್ರ ಗ್ರೀಸು ಒಳಗ ಹೋಗದ ಗನ್ನಿನ ಬಾಯಾಗ ಹೊರಗ ಬರ್ತಿತ್ತು. "ತುಂಬೈತಿ ಬಿಡು" ಅಂತಿದ್ವಿ. ತಪ್ಪು ನಮ್ದ.


ಹಳೇಡ್ರೈವರ್_ಬಳ್ಳಾರಿ
ಮಂಗಳವಾರ, ರಾತ್ರಿ 9:02

ತುಂಬಿಲ್ಲಪ್ಪಾ, ಕಟ್ಟಿಕೊಂಡೈತೆ.


ಅಂಗಡಿ_ಮುಂದ
ಮಂಗಳವಾರ, ರಾತ್ರಿ 9:15

ಇಷ್ಟಕ್ಕ ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಕಿಟ್ ತಗೊಂಡು ಬಾ, ಹಳೇದು ಬಡದು ತಗಿ, ಹೊಸಾದು ಬಡದು ಹಾಕು. ಬುಷ್ ಟೈಟ್ ಬಂದ್ರ ಎಮರಿ ಪೇಪರ್ ಕೋಲಿಗೆ ಸುತ್ತಿ ತಿರುವು. ನಮ್ಮ ಮಾಮಾ ಹಂಗ ಮಾಡಿದ, ಇವತ್ತಿಗೂ ಗಾಡಿ ಓಡಾಕತ್ತೈತಿ.


ಲೇತ್_ರಾಯಚೂರು
ಮಂಗಳವಾರ, ರಾತ್ರಿ 10:40

ಮಾಮಾನ ಗಾಡಿ ಓಡ್ಲಿಕತ್ತದ ಅಂದ್ರ ಸಂತೋಷ. ಆದ್ರ ಎಮರಿ ಮಾತ್ರ ಬ್ಯಾಡ. ಎಮರಿ ಪುಡಿ ಹಿತ್ತಾಳಿ ಬುಷ್ಷಿನಾಗ ಹೊಕ್ಕು ಕುಂತ್ರ ಹೊರಗ ಬರಂಗಿಲ್ಲ, ಹೊಸ ಪಿನ್ನಿಗೆ ಅದೇ ಕಾನಸು ಆಗ್ತದ.

ಕೋಲಿಗೆ ಸುತ್ತಿ ತಿರುವಿದ್ರ ತೂತು ದುಂಡಗ ಇರಂಗಿಲ್ಲ, ಬಾಯಿ ಅಗಲ ಆಗಿ ನಡುವ ಬಿಗಿ ಉಳೀತದ. ಹಾಕಿದ ದಿನ ಚೆಂದ ಕುಂದರ್ತದ, ಎರಡು ತಿಂಗಳಿಗೆ ಮತ್ತ ಲಟಕ್. ಯಾಕಂದ್ರ ಪಿನ್ನು ಬುಷ್ಷಿಗೆ ಪೂರಾ ತಾಗಿರಂಗಿಲ್ಲ, ಅಂಚಿನ ಮ್ಯಾಲ ನಿಂತಿರ್ತದ.

ಪದ್ಧತಿ ಹಿಂಗದ. ಹೊಸ ಬುಷ್ ಪ್ರೆಸ್ ಮಾಡಿ ಹಾಕಿದ ಮ್ಯಾಲ ಅದರ ಒಳಗಿನ ತೂತು ಸಣ್ಣಾಗ್ತದ. ಅದಕ್ಕ ರೀಮರ್ (ತೂತು ಅಳತಿಗೆ ಕೊರಿಯೋ ಹಲ್ಲಿನ ಕೋಲು) ಹೊಡೀಬೇಕು, ಅದೂ ಮ್ಯಾಲಿನ ಬುಷ್ಷು ಕೆಳಗಿನ ಬುಷ್ಷು ಒಂದೇ ಗೆರಿಯಾಗ ಬರಂಗ. ಉದ್ದನ ರೀಮರ್ ಇರ್ತದ, ಅದರ ಮುಂದಿನ ತುದಿ ಒಂದು ಬುಷ್ಷಿನಾಗ ದಾರಿ ಹಿಡೀತದ, ಹಲ್ಲು ಇನ್ನೊಂದರಾಗ ಕೊರೀತದ. ಒಂದೊಂದೇ ಬುಷ್ಷಿಗೆ ಬ್ಯಾರೆ ಬ್ಯಾರೆ ಹೊಡದ್ರ ಎರಡೂ ತೂತು ಅಳತಿ ಸರಿ ಬಂದ್ರೂ ಪಿನ್ ಮಾತ್ರ ಎರಡರಾಗೂ ಹೋಗಂಗಿಲ್ಲ. ಆಗ ಜನ ಮತ್ತ ಎಮರಿ ಹುಡುಕ್ತಾರ.

ಪಿನ್ನಿಗೆ ಎಣ್ಣಿ ಹಚ್ಚಿ ತೂತಿನ ಬಾಯಿಗೆ ಇಟ್ರ ಹೆಬ್ಬೆರಳಿನ ಒತ್ತಿಗೆ ಮೆಲ್ಲಕ ಇಳೀಬೇಕು. ಬಿಟ್ಟ ಕೂಡ್ಲೆ ಧಡ್ ಅಂತ ಬಿದ್ರ ಸಡಲ, ಸುತ್ತಿಗಿ ಕೇಳಿದ್ರ ಬಿಗಿ.

ಕಾರಟಗಿ ಹುಡುಗಗ ಒಂದು ಮಾತು: ಸ್ಟಬ್ ಒಂದೇ ತಂದು ನನ್ನಂಥವ್ರ ಮುಂದ ಇಡಬ್ಯಾಡ, ಹೊಸ ಪಿನ್ನೂ ತಗೊಂಡು ಹೋಗು. ಕಿಟ್ಟಿನಿಂದ ಕಿಟ್ಟಿಗೆ ಪಿನ್ನಿನ ದಪ್ಪ ಕೂದಲೆಳಿಯಷ್ಟು ಹೆಚ್ಚು ಕಮ್ಮಿ ಇರ್ತದ. ನಿನ್ನ ಪಿನ್ನಿಗೆ ತಕ್ಕಂಗ ತೂತು ಆಗಬೇಕು.


ಕೊಪ್ಪಳ_ಪಾಲಿಟೆಕ್ನಿಕ್
ಬುಧವಾರ, ಬೆಳಿಗ್ಗೆ 7:55

ಲೇತ್ ಅಣ್ಣನವರು ಹೇಳಿದ್ದರಲ್ಲಿ ನನ್ನದು ಒಂದು ಸೇರ್ಪಡೆ. ಈ ಜೋಡಣೆಯಲ್ಲಿ ಪಿನ್ ತಿರುಗಬಾರದು. ಎಕ್ಸೆಲ್‌ನ ತುದಿಯ ಕಣ್ಣಿನಲ್ಲಿ ಪಿನ್ ಗಟ್ಟಿಯಾಗಿ ಕೂತಿರಬೇಕು, ಅದರ ಸುತ್ತ ಸ್ಟಬ್ ತಿರುಗಬೇಕು. ಪಿನ್ನಿನ ಪಕ್ಕದಲ್ಲಿ ಒಂದು ಕಚ್ಚು ಇರುತ್ತದೆ, ಅಡ್ಡಲಾಗಿ ಬರುವ ಇಳಿಜಾರಿನ ಕಾಟರ್ ಪಿನ್ ಆ ಕಚ್ಚಿಗೆ ಒತ್ತಿ ಹಿಡಿಯುತ್ತದೆ. ಬುಷ್ ಒಣಗಿ ಪಿನ್ನನ್ನು ಕಚ್ಚಿ ಹಿಡಿದರೆ ಪಿನ್ನು ಎಕ್ಸೆಲ್ ಕಣ್ಣಿನೊಳಗೇ ತಿರುಗಲು ಶುರುವಾಗುತ್ತದೆ. ಆಗ ಕಣ್ಣು ಮೊಟ್ಟೆಯಾಕಾರ ಆಗುತ್ತದೆ. ನಿಮ್ಮ ಕೆಳಗಿನ ನಿಪ್ಪಲ್ ಕಟ್ಟಿಕೊಂಡಿತ್ತು ಎಂದಿರಿ, ಆದ್ದರಿಂದ ಇದನ್ನು ನೋಡಲೇಬೇಕು.

ಹಳೇ ಪಿನ್ ತೆಗೆದ ಮೇಲೆ ಕಣ್ಣನ್ನು ಬಟ್ಟೆಯಿಂದ ಒರೆಸಿ, ಹೊಸ ಪಿನ್ನನ್ನು ಕಣ್ಣಿಗೆ ಮಾತ್ರ ಹಾಕಿ ಅಲ್ಲಾಡಿಸಿ. ಅಲ್ಲಾಡದಿದ್ದರೆ ಎಕ್ಸೆಲ್ ಬದಲಿಸುವ ಮಾತೇ ಬೇಡ. ಅಲ್ಲಾಡಿದರೆ ಬರೀ ಕಿಟ್ ಹಾಕಿ ಪ್ರಯೋಜನವಿಲ್ಲ. ಕಣ್ಣನ್ನು ಬೋರಿಂಗ್ ಮಾಡಿಸಿ ಸ್ಲೀವ್ (ಒಳಗೆ ಕೂರುವ ಕೊಳವೆ) ಕೂರಿಸಬೇಕು, ಇಲ್ಲವೇ ಎಕ್ಸೆಲ್ ಹುಡುಕಬೇಕು. ಗುಜರಿಯ ಎಕ್ಸೆಲ್ ಎಷ್ಟು ಬಾಗಿದೆಯೋ ಯಾರು ಬಲ್ಲರು, ಅದಕ್ಕೆ ಅದು ಕೊನೆಯ ದಾರಿ.

ಪಿನ್ ಬರದಿದ್ದರೆ ಗ್ಯಾಸ್ ಹಚ್ಚಿ ಎಕ್ಸೆಲ್ ಕಾಯಿಸಲು ಬಿಡಬೇಡಿ. ಎಕ್ಸೆಲ್ಲಿಗೂ ಪಿನ್ನಿಗೂ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ, ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ಬಾಗಿದ ಎಕ್ಸೆಲ್ ನೆಟ್ಟಗೆ ಮಾಡುವುದಿದ್ದರೂ ತಣ್ಣಗಿದ್ದಾಗಲೇ, ಪ್ರೆಸ್ಸಿನಲ್ಲಿ. ಸ್ಟೇರಿಂಗ್ ಆರ್ಮಿಗೆ, ಟೈ ರಾಡಿಗೆ ವೆಲ್ಡಿಂಗ್ ಎಂಬ ಮಾತು ಯಾರಾದರೂ ಎತ್ತಿದರೆ ಗಾಡಿ ತೆಗೆದುಕೊಂಡು ಮನೆಗೆ ಬನ್ನಿ.


ಕುಷ್ಟಗಿ_ಗ್ಯಾರೇಜು
ಬುಧವಾರ, ಬೆಳಿಗ್ಗೆ 8:30

ಬಿಚ್ಚೂವಾಗ ಇನ್ನೊಂದು. ಬಹಳ ಮಂದಿ ಕಾಟರ್ ಪಿನ್ ಮರೆತು ಕಿಂಗ್ ಪಿನ್ನಿಗೆ ಬಡೀತಾರ. ಅದು ಹೊರಗ ಬರೂತನ ದೊಡ್ಡ ಪಿನ್ನು ಜಗ್ಗಂಗಿಲ್ಲ. ಕಾಟರ್ ನಟ್ ಬಿಚ್ಚಿ, ಚೂಡಿ ಇರೋ ಕಡೆಯಿಂದ ಬಡದು ಹೊರಗ ಹಾಕು. ಹಿಂದಿನ ರಾತ್ರಿನ ಡೀಸೆಲ್ ಹಾಕಿ ನೆನೆಬಿಡು. ಕಿಂಗ್ ಪಿನ್ನಿನ ತಲಿ ಮ್ಯಾಲ ನೇರ ಸುತ್ತಿಗಿ ಬ್ಯಾಡ, ನಡುವ ಹಿತ್ತಾಳಿ ತುಂಡು ಇಡು. ಗಟ್ಟಿ ಉಕ್ಕಿನ ಚಕ್ಕಿ ಸಿಡದು ಕಣ್ಣಿಗೆ ಬಂದ್ರ ಕಿಂಗ್ ಪಿನ್ನಿಗಿಂತ ಕಣ್ಣು ತುಟ್ಟಿ.

ಬ್ರೇಕ್ ಪ್ಲೇಟ್ ಬಿಚ್ಚಿದ ಮ್ಯಾಲ ತಂತಿಲೆ ಕಮಾನು ಪಟ್ಟಿಗೆ ತೂಗು ಹಾಕು. ಹೋಸ್ ಪೈಪಿನ ಮ್ಯಾಲ ನೇತಾಡಾಕ ಬಿಡಬ್ಯಾಡ.


ತೋರಣಗಲ್_ಜೀಪು
ಬುಧವಾರ, ಮಧ್ಯಾಹ್ನ 1:10

ನಡುವೆ ಬಾಯಿ ಹಾಕ್ತಿದ್ದೀನಿ. ನನ್ನ ಹಳೇ ಫೋರ್ ವೀಲ್ ಜೀಪಿಗೂ ಇದೇ ಬುಷ್ ಕಥೆನಾ?


ಕುಷ್ಟಗಿ_ಗ್ಯಾರೇಜು
ಬುಧವಾರ, ಮಧ್ಯಾಹ್ನ 2:00

ಅಲ್ಲ. ಆ ಗುಂಡಿನ ನಕಲ್ (ಗಾಲಿ ತಿರುಗೋ ಕೀಲು) ಇರೋ ಹಳೇ ಜೀಪಿನಾಗ ಮ್ಯಾಲೊಂದು ಕೆಳಗೊಂದು ಟೇಪರ್ ಬೇರಿಂಗ್ ಇರ್ತೈತಿ, ಬಿಗಿ ಶಿಮ್ಮಿನ್ಯಾಗ (ತೆಳ್ಳನ ತಗಡು) ಹೊಂದಿಸ್ಬೇಕು. ಅದಕ್ಕ ಬ್ಯಾರೆ ಮಾತಾಡೋಣು, ಇಲ್ಲಿ ಕಲಸಬ್ಯಾಡ.


ಎರಿಹೊಲ_ಸಿಂಧನೂರು
ಬುಧವಾರ, ಸಂಜಿ 6:45

ನಮ್ಮ ಟ್ರ್ಯಾಕ್ಟರಿಗೂ ಇದ ಹಣೆಬರಹ ನೋಡ್ರಿ. ರೊಳ್ಳಿ (ಗದ್ದಿ ಕೆಸರು) ಹೊಡಿಯೂವಾಗ ಮುಂದಿನ ಎಕ್ಸೆಲ್ಲು ಕೆಸರಿನಾಗ ಮುಳುಗಿರ್ತೈತಿ. ಸಂಜಿಗೆ ಹೊರಗ ಬಂದು ನೀರು ಹೊಡದು ತೊಳದ್ರ ಗಾಡಿ ಥಳಥಳ, ಒಳಗಿನ ನಡು ಪಿನ್ನಿನ ಬುಷ್ಷಿನಾಗ ಎರಿ ಮಣ್ಣು ಹಂಗ ಕುಂತಿರ್ತೈತಿ. ಎರಿ ಒಣಗಿದ್ರ ಸಿಮೆಂಟು. ನಾನು ಈಗ ತೊಳಿಯೂದಕ್ಕಿಂತ ಮೊದಲು ಗ್ರೀಸ್ ಹೊಡಿತೀನಿ, ಮಣ್ಣು ಹಸಿ ಇದ್ದಾಗ ಹೊಸ ಗ್ರೀಸು ಅದನ್ನ ದಬ್ಬಿ ಹೊರಗ ಹಾಕ್ತೈತಿ. ತೊಳದ ಮ್ಯಾಲ ಮತ್ತೊಂದು ಸುತ್ತು. ಮನಿಯಾಗ ಹೆಣಮಕ್ಕಳು ನಗ್ತಾರ, ಎತ್ತಿಗೆ ಹಿಂಡಿ ಹಾಕಿದಂಗ ಹಾಕ್ತಾನ ಅಂತ.


ಕಾರಟಗಿ_407
ಭಾನುವಾರ, ರಾತ್ರಿ 9:30

ಕೆಲಸ ಮುಗೀತ್ರಿ. ತಡ ಆತು, ಯಾಕಂದ್ರ ನಡುವ ಒಂದು ಎಡವಟ್ಟಾತು. ಎಲ್ಲಾ ಹೇಳ್ತೀನಿ.

ಶುಕ್ರವಾರ ಬಿಚ್ಚಿದ್ವಿ. ಕಾಟರ್ ಪಿನ್ನ ಒಂದೂವರಿ ತಾಸು ತಗೊಂತು. ಕಿಂಗ್ ಪಿನ್ ಹೊರಗ ಬಂದಾಗ ನೋಡಬೇಕಿತ್ತು ನೀವು. ಕೆಳಗಿನ ಬುಷ್ ಇರೋ ಜಾಗದಾಗ ಒಂದು ಮಗ್ಗಲು ಉಗುರು ಸಿಗೂವಷ್ಟು ತಗ್ಗು, ಇನ್ನೊಂದು ಮಗ್ಗಲು ಕನ್ನಡಿ ಆಗೈತಿ. ಬುಷ್ಷು ಬ್ಲೇಡಿನಂಗ ತೆಳ್ಳಗಾಗಿ ಸೀಳಿ ಹೋಗಿತ್ತು. ಥ್ರಸ್ಟ್ ಬೇರಿಂಗಿನಾಗ ಗ್ರೀಸಿನ ಬದಲಿ ತುಕ್ಕಿನ ಪುಡಿ, ಅಂಗೈಗೆ ಸುರುವಿದ್ರ ಖಾರದ ಪುಡಿ ಇದ್ದಂಗ. ಕೆಳಗಿನ ನಿಪ್ಪಲ್ ತೂತಿನಾಗ ಮೊಳಿ ಹಾಕಿ ಕೆದರಿದ್ರ ಗಟ್ಟಿ ಮೇಣದಂಥಾ ಗ್ರೀಸ್ ಬತ್ತಿ ಬಂತು. ಎಷ್ಟು ವರ್ಷದ್ದೋ.

ಹೊಸ ಪಿನ್ ಎಕ್ಸೆಲ್ ಕಣ್ಣಿಗೆ ಹಾಕಿ ನೋಡಿದ್ವಿ. ಒಂದು ಚೂರೂ ಅಲ್ಲಾಡ್ಲಿಲ್ಲ. ನಮ್ಮ ಮೇಸ್ತ್ರಿ ಮುಖ ನೋಡಿದ, ನಾನೂ ನೋಡಿದೆ. ಎಕ್ಸೆಲ್ ಮಾತು ಅಲ್ಲಿಗೇ ನಿಂತು ಹೋತು.

ಗಂಗಾವತಿಯಾಗ ಲೇತಿಗೆ ಕೊಟ್ವಿ. ಎಡವಟ್ಟು ಅಲ್ಲೇ ಆಗಿದ್ದು. ಹುಡುಗ ಮ್ಯಾಲಿನ ಬುಷ್ ಪ್ರೆಸ್ ಮಾಡಿದ, ನಾನು ನೋಡಾಕ ನಿಂತಿದ್ದೆ. ಸುಮ್ಮನಿರಲಾರದ ನಿಪ್ಪಲ್ ತೂತಿನಾಗ ಕಡ್ಡಿಪೆಟ್ಟಿಗಿ ಕಡ್ಡಿ ಹಾಕಿದೆ. ಒಳಗ ಹೋಗ್ಲಿಲ್ಲ. ಬುಷ್ಷಿನ ತೂತು ಒಂದು ಕಡ್ಡಿ ಅಗಲ ಆಚಿ ಕಡೆ ಕುಂತಿತ್ತು. ಹಂಗ ಹಾಕಿದ್ರ ಜೀವನಪೂರ್ತಿ ಗ್ರೀಸ್ ಹೋಗ್ತಿರಲಿಲ್ಲ. ತಗಿಯೂವಾಗ ಆ ಬುಷ್ ಕೆಟ್ಟು ಹೋತು, ಇನ್ನೊಂದು ಸಿಗೂದು ಶನಿವಾರ ಮಧ್ಯಾಹ್ನ ಆತು. ಹುಡುಗ ಬ್ಯಾಸರ ಮಾಡ್ಕೊಂಡ. ಅವನದೂ ತಪ್ಪಿಲ್ಲ, ಆ ಅಂಗಡಿಯಾಗ ಬೆಳಕ ಇಲ್ಲ. ಎರಡನೇ ಸಲ ಮೊದಲು ಸ್ಟಬ್ಬಿನ ಮ್ಯಾಲ, ಬುಷ್ಷಿನ ಮ್ಯಾಲ ಪೆನ್ನಿಲೆ ಗೆರಿ ಎಳದು ಗೆರಿಗೆ ಗೆರಿ ಕೂಡಿಸಿ ಒತ್ತಿದ್ವಿ.

ಉದ್ದನ ರೀಮರ್ ಹೊಡದ್ರು. ರಾಯಚೂರು ಅಣ್ಣಾರು ಹೇಳಿದಂಗ ಪಿನ್ನಿಗೆ ಎಣ್ಣಿ ಹಚ್ಚಿ ಬಾಯಿಗೆ ಇಟ್ಟು ಹೆಬ್ಬೆರಳು ಇಟ್ಟೆ. ಸುಂಯ್ ಅಂತ ಒಳಗಿನ ಗಾಳಿ ಬಿಡ್ತಾ ಇಳೀತು. ಅದನ್ನ ಮೂರು ಸಲ ಮಾಡಿಸಿ ನೋಡಿದೆ, ಲೇತಿನವ್ರು ನಕ್ರು.

ಥ್ರಸ್ಟ್ ಬೇರಿಂಗಿನ ಮುಚ್ಚಳ ಯಾವ ಕಡೆ ಬರಬೇಕು ಅಂತ ಅಲ್ಲೇ ಜಗಳ ಆತು. ಬಾಯಿ ಕೆಳಗ, ನೀರು ನಿಲ್ಲಬಾರದು ಅಂತ ನಾನು ಹಟ ಹಿಡದೆ. ಮ್ಯಾಲಿನ ಸಂದಿಗೆ ಶಿಮ್ ಹಾಕಿ, ಸಂದಿ ಅಳಿಯೋ ಫೀಲರ್ ಗೇಜಿನ ತೆಳುವಾದ ಎಲಿ ಅಷ್ಟೇ ಹೋಗಂಗ ಮಾಡಿದ್ರು. ಬಲಗಡೆ ಬೇರಿಂಗ್ ಸಡಲ ಇತ್ತು, ಗಾಲಿ ತಿರುವ್ತಾ ನಟ್ ಬಿಗಿ ಮಾಡಿ, ಚೂರು ವಾಪಸ್ ಬಿಟ್ಟು ಸ್ಪ್ಲಿಟ್ ಪಿನ್ ಹಾಕಿದ್ವಿ.

ಇವತ್ತು ಬೆಳಿಗ್ಗೆ ಮಿಲ್ಲಿನ ಕಣದಾಗ ಟೋ (ಎರಡೂ ಗಾಲಿ ನಡುವಿನ ಅಗಲ ಮುಂದ ಹಿಂದ ಎಷ್ಟು ಫರಕ್ ಅಂತ) ನೋಡಿದ್ವಿ. ಎರಡೂ ಟೈರಿನ ನಡುವ ಸುಣ್ಣದ ಗುರುತು ಹಾಕಿ, ಹಬ್ಬಿನ ಎತ್ತರಕ್ಕ ಮುಂದ ಅಳತಿ ತಗೊಂಡು, ಆ ಗುರುತು ಹಿಂದಕ್ಕ ಬರೂತನ ಗಾಡಿ ದಬ್ಬಿ ಮತ್ತ ಅಳದ್ವಿ. ಮುಂದ ಹತ್ತು ಮಿಲಿಮೀಟರ್ ಅಗಲ ಇತ್ತು! ಟೈ ರಾಡ್ ಎಂಡ್ ಬದಲಿ ಮಾಡಿದಾಗ ಎಷ್ಟು ಸುತ್ತು ಬಿಚ್ಚಿದ ಅಂತ ಲೆಕ್ಕ ಇಟ್ಟಿಲ್ಲ ನಮ್ಮ ಮೇಸ್ತ್ರಿ. ಟೈ ರಾಡ್ ತಿರುವಿ, ಮುಂದ ಎರಡು ಮಿಲಿಮೀಟರ್ ಕಮ್ಮಿ ಬರಂಗ ಮಾಡಿದ್ವಿ.


ಲೇತ್_ರಾಯಚೂರು
ಭಾನುವಾರ, ರಾತ್ರಿ 9:50

ಕಡ್ಡಿ ಹಾಕಿ ನೋಡಿದ್ದು ಚೊಲೊ ಕೆಲಸ. ನಮ್ಮ ಅಂಗಡಿಯಾಗ ಬೆಳಕ ಅದ, ಆದ್ರೂ ಇನ್ನ ಮುಂದ ನಾನೂ ಕಡ್ಡಿ ಹಾಕ್ತೀನಿ.


ಹಳೇಡ್ರೈವರ್_ಬಳ್ಳಾರಿ
ಭಾನುವಾರ, ರಾತ್ರಿ 10:01

ಓಡಿಸಿ ನೋಡಿದ್ಯೇನಪ್ಪಾ? ಅದು ಹೇಳಲೇ ಇಲ್ಲ.


ಕಾರಟಗಿ_407
ಭಾನುವಾರ, ರಾತ್ರಿ 10:20

ಮಧ್ಯಾಹ್ನ ಖಾಲಿ ಗಾಡಿ ಸಿಂಧನೂರು ರಸ್ತಿಗೆ ಹೊಡದೆ ಕಾಕಾ. 40, 45, 50, ಕೈ ಬಿಟ್ರೂ ಸ್ಟೇರಿಂಗ್ ಸುಮ್ಮನಿತ್ತು. ಬ್ರೇಕ್ ಹಿಡದ್ರ ನೆಟ್ಟಗ ನಿಲ್ತೈತಿ. 60 ದಾಟಿದ್ರ ಸಣ್ಣಗ ಜುಮ್ ಅಂತೈತಿ. ಅದು ಆ ಸವದ ಟೈರಿಂದ ಇರಬೇಕು, ದಾರ ಕಂಡ ಟೈರು ಮುಂದ ಇಡೂದೂ ತಪ್ಪು. ನಾಳಿ ಹೊಸಾದು ಹಾಕಿಸ್ತೀನಿ, ಎಫ್‌ಸಿಗೂ ಅದು ನಡಿಯಂಗಿಲ್ಲ.

ಗ್ರೀಸು ಜಾಕ್ ಕೊಟ್ಟ ಹೊಡದೀನಿ. ಉಂಗುರ ಬಂತು.


ಎರಿಹೊಲ_ಸಿಂಧನೂರು
ಭಾನುವಾರ, ರಾತ್ರಿ 10:25

ಸಿಂಧನೂರು ರಸ್ತಿಗೆ ಬಂದು ಚಾ ಕುಡಿಯಾಕ ಬರ್ಲಿಲ್ಲ. ಇರ್ಲಿ. ಆ ಹಳೇ ಪಿನ್ ಒಗೀಬ್ಯಾಡ, ಮೇಸ್ತ್ರಿಗಳಿಗೆ ತೋರ್ಸಾಕ ಬೇಕಾಗ್ತೈತಿ.


ಕಾರಟಗಿ_407
ಭಾನುವಾರ, ರಾತ್ರಿ 10:31

ಅದು ನನ್ನ ಕೈಗೆ ಸಿಗಂಗಿಲ್ಲರಿ ಈಗ. ಅವ್ವ ಸೋಡಾ ಹಾಕಿ ತಿಕ್ಕಿ ತೊಳದು ಬೆಳ್ಳುಳ್ಳಿ ಜಜ್ಜಾಕ ಇಟ್ಕೊಂಡಾಳ. ಸವದ ತಗ್ಗಿನಾಗ ಬೊಟ್ಟು ಚೊಲೊ ಕುಂದರ್ತಾವಂತ.